ಗಡಿಗೆಯ ನೀರು, ಫ್ರಿಜ್ಜಿನ ಅನಿಲ

ವೈಶಾಖದಲ್ಲಿ ಸೊಲ್ಲಾಪುರ, ಅಕ್ಕಲಕೋಟೆಗಳ ಬಿಸಿಲು 40 ಡಿಗ್ರಿ ದಾಟುವುದು ವಾಡಿಕೆ. ಆಗಲೂ ಮಣ್ಣಿನ ಗಡಿಗೆಯ ನೀರು ತಣ್ಣಗಿರುತ್ತದೆ. ಸೂಕ್ಷ್ಮ ರಂಧ್ರಗಳಿಂದ ಒಸರಿದ ನೀರು ಆವಿಯಾಗುವಾಗ ಒಳಗಿನ ನೀರಿನ ಶಾಖವನ್ನು ಹೀರಿಕೊಂಡು ಹೋಗುತ್ತದೆ. ಫ್ರಿಜ್ಜಿನಲ್ಲಿಯೂ ತಂಪು ಹುಟ್ಟುವುದು ದ್ರವವು ಆವಿಯಾಗುವುದರಿಂದಲೇ. ಅಲ್ಲಿ ಆವಿಯು ಗಾಳಿಗೆ ಸೇರುವುದಿಲ್ಲ. ಕಂಪ್ರೆಸರ್ ಅದನ್ನು ಒತ್ತುತ್ತದೆ, ಹೊರಗಿನ ಕೊಳವೆಗಳಲ್ಲಿ ಅದು ಶಾಖವನ್ನು ಬಿಟ್ಟು ಮತ್ತೆ ದ್ರವವಾಗುತ್ತದೆ. ಹೀಗೆ ಹೊರಬಿದ್ದ ಶಾಖದಿಂದ ನೀರು ಕಾಯಿಸುವ ಯಂತ್ರವೇ ಹೀಟ್ ಪಂಪ್.

ಈ ಕೊಳವೆಗಳಲ್ಲಿ ಹರಿಯುವ ವಸ್ತು ಯಾವುದೆಂಬುದು ಜಗತ್ತಿನ ಪ್ರಶ್ನೆಯಾಗಿದೆ. ಓಝೋನ್ ಪದರವನ್ನು ಕೆಡಿಸುವ ಅನಿಲಗಳನ್ನು ಕೈಬಿಡಲು 1987ರಲ್ಲಿ ಮಾಂಟ್ರಿಯಲ್ ಒಪ್ಪಂದವಾಯಿತು. ಅವುಗಳ ಬದಲಿಗೆ ಬಂದ ಆರ್-134ಎ ಮೊದಲಾದ ಅನಿಲಗಳು ಓಝೋನಿಗೆ ಕೇಡು ಮಾಡದಿದ್ದರೂ ಭೂಮಿಯನ್ನು ಕಾಯಿಸುತ್ತವೆ. ಒಂದು ಕಿಲೋ ಆರ್-134ಎ ನೂರು ವರ್ಷಗಳಲ್ಲಿ ಸುಮಾರು 1,430 ಕಿಲೋ ಇಂಗಾಲದ ಡೈಆಕ್ಸೈಡಿನಷ್ಟು ತಾಪ ತರಬಲ್ಲದು. ಇಂಥವನ್ನು ಕಡಿಮೆ ಮಾಡಲು 2016ರಲ್ಲಿ ರುವಾಂಡಾದ ಕಿಗಾಲಿಯಲ್ಲಿ ಒಪ್ಪಂದಕ್ಕೆ ತಿದ್ದುಪಡಿಯಾಯಿತು. 2021ರಲ್ಲಿ ಭಾರತವೂ ಅದನ್ನು ಅಂಗೀಕರಿಸಿತು. 2047ರ ವೇಳೆಗೆ ಇವುಗಳ ಬಳಕೆಯನ್ನು ಶೇ. 85ರಷ್ಟು ಇಳಿಸುವ ಹೊಣೆ ನಮ್ಮ ದೇಶದ ಮೇಲಿದೆ.

ಪರಿಹಾರವು ನಿಸರ್ಗದಲ್ಲಿಯೇ ಇರುವ ಪದಾರ್ಥಗಳಲ್ಲಿದೆ. ಮೈನಸ್ 33 ಡಿಗ್ರಿಯಲ್ಲಿ ಕುದಿಯುವ ಅಮೋನಿಯಾ ದೊಡ್ಡ ಶೀತಲ ಗೃಹಗಳ ಹಳೆಯ ಒಡನಾಡಿ. ದಾಳಿಂಬೆಗೆ ಹೆಸರಾದ ಸೊಲ್ಲಾಪುರಕ್ಕೆ ಶೀತಲ ಗೃಹದ ಬೆಲೆ ತಿಳಿದದ್ದೇ. ಹೊಸ ಫ್ರಿಜ್ಜುಗಳಲ್ಲಿ ಐಸೋಬ್ಯೂಟೇನ್ ಬಂದಿದೆ. ಪ್ರೋಪೇನ್ ತುಂಬಿದ ಏ.ಸಿ.ಗಳನ್ನು ಗೋದ್ರೆಜ್ ಸಂಸ್ಥೆಯು ನಮ್ಮ ರಾಜ್ಯದ ಶಿರವಳದಲ್ಲಿಯೇ ತಯಾರಿಸಿದೆ.

ಆದರೆ ನಿಸರ್ಗದ ವಸ್ತುವೆಂದ ಮಾತ್ರಕ್ಕೆ ನಿರಪಾಯಕಾರಿಯಲ್ಲ. ಅಮೋನಿಯಾ ಸೋರಿದರೆ ಕಣ್ಣು, ಶ್ವಾಸಕೋಶಗಳು ಸುಡುತ್ತವೆ. ಐಸೋಬ್ಯೂಟೇನ್, ಪ್ರೋಪೇನ್ ಎರಡೂ ಅಡುಗೆ ಅನಿಲದ ಬಳಗದವು. ಕಿಡಿ ತಗಲಿದರೆ ಉರಿಯುತ್ತವೆ. ಮನೆಯ ಫ್ರಿಜ್ಜಿನಲ್ಲಿರುವುದು ಸಾಮಾನ್ಯವಾಗಿ ನೂರು ಗ್ರಾಮಿಗಿಂತ ಕಡಿಮೆ, ದಿನಬಳಕೆಯಲ್ಲಿ ಭಯವಿಲ್ಲ. ಅಪಾಯವಿರುವುದು ದುರಸ್ತಿಯ ಹೊತ್ತಿನಲ್ಲಿ. ಅನಿಲವನ್ನು ಪೂರ್ತಿ ತೆಗೆಯದೆ ಕೊಳವೆಗೆ ಬೆಂಕಿಯ ಬೆಸುಗೆ ಹಾಕಬಾರದು. ಕಿಟಕಿ, ಬಾಗಿಲು ತೆರೆದಿರಬೇಕು. ಹಳೆಯ ಅನಿಲಕ್ಕಾಗಿ ಮಾಡಿದ ಯಂತ್ರಕ್ಕೆ ಉರಿಯುವ ಅನಿಲವನ್ನು ತುಂಬಿಸಬಾರದು.

ಫ್ರಿಜ್ಜಿನ ಹಿಂಬದಿಯ ಚೀಟಿಯಲ್ಲಿ ಆರ್-600ಎ ಎಂದಿದ್ದರೆ ಒಳಗಿರುವುದು ಐಸೋಬ್ಯೂಟೇನ್. ಆ ಚೀಟಿ ಬಹುಮಟ್ಟಿಗೆ ಇಂಗ್ಲಿಷಿನಲ್ಲಿರುತ್ತದೆ. ಶಾಲೆಗೆ ಹೋಗುವ ಮಗುವೇ ಅದನ್ನು ಓದಿ, ಅದರ ಅರ್ಥವನ್ನು ತಾಯಿಗೆ, ಅಜ್ಜಿಗೆ ಕನ್ನಡದಲ್ಲಿ ತಿಳಿಸಲಿ. ದುರಸ್ತಿಗೆ ಬಂದವರು ಬೆಸುಗೆ ಹಚ್ಚುವ ಮುನ್ನ ಆ ಹೆಸರನ್ನು ಅವರಿಗೆ ಹೇಳುವಷ್ಟು ತಿಳಿವಳಿಕೆ ಮನೆಯಲ್ಲಿರಲಿ.