ಹಳೆಯ ಕೀಲಿಮಣೆಗಳ ಜೀರ್ಣೋದ್ಧಾರ

ಯಾವ ಉಪಕರಣದಿಂದ ನಾವು ದಿನದ ಅನ್ನವನ್ನು ಸಂಪಾದಿಸುತ್ತೇವೆಯೋ ಅದರ ಪೂರ್ವೋತ್ತರಗಳನ್ನು ವಿಚಾರಿಸುವ ಅಭ್ಯಾಸ ನಮ್ಮಲ್ಲಿ ಕಡಿಮೆ. ಅಡಿಗೆಯವನು ತನ್ನ ಸೌಟನ್ನು ನೂರರಲ್ಲಿ ಗುರುತಿಸಬಲ್ಲನು. ಬಡಗಿಯು ತನ್ನ ಉಳಿಯನ್ನು ಇನ್ನೊಬ್ಬರ ಕೈಗೆ ಕೊಡಲು ಹಿಂಜರಿಯುವನು. ಆದರೆ ಕಛೇರಿಯಲ್ಲಿ ಹಗಲೆಲ್ಲ ಬೆರಳಾಡಿಸುವ ಗುಮಾಸ್ತನನ್ನಾಗಲಿ, ಹೋಟೆಲಿನ ಗಲ್ಲಾದಲ್ಲಿ ಕುಳಿತು ಬಿಲ್ಲು ತೆಗೆಯುವವನನ್ನಾಗಲಿ, "ತಮ್ಮ ಕೈಕೆಳಗಿನ ಕೀಲಿಮಣೆ ಯಾವ ಬಗೆಯದು?" ಎಂದು ಕೇಳಿದರೆ ಉತ್ತರ ದೊರೆಯುವುದು ದುರ್ಲಭ. ಕೆಟ್ಟರೆ ಎಸೆಯುವುದು, ಬೇರೊಂದನ್ನು ತರುವುದು, ಇಷ್ಟೇ ಅದರ ಚರಿತ್ರೆಯೆಂದು ನಾವು ತಿಳಿದುಬಿಟ್ಟಿದ್ದೇವೆ. ಹೀಗಿರುವಲ್ಲಿ, ನಲವತ್ತು ವರ್ಷಗಳಷ್ಟು ಹಳೆಯ ಕಂಪ್ಯೂಟರ್ ಕೀಲಿಮಣೆಗಳನ್ನು ಗುಜರಿಯಿಂದ ಹೆಕ್ಕಿ ತಂದು, ಬಿಚ್ಚಿ, ತೊಳೆದು, ಮುರಿದುದನ್ನು ಜೋಡಿಸಿ, ಪುನಃ ಬಳಕೆಗೆ ತರುವ ಜನರು ಲೋಕದ ಹಲವು ದೇಶಗಳಲ್ಲಿ ಇದ್ದಾರೆಂದರೆ ವಾಚಕರಿಗೆ ಆಶ್ಚರ್ಯವಾದೀತು. ಮೇಲುನೋಟಕ್ಕೆ ಇದು ಬರಿಯ ಹುಚ್ಚೆಂದು ತೋರಿದರೂ ಒಳಹೊಕ್ಕು ನೋಡಿದಾಗ ಇದರಲ್ಲಿ ನಮ್ಮಂಥ ದುಡಿಯುವವರು ಗಮನಿಸತಕ್ಕ ವಿಚಾರವೊಂದಿದೆ.

ಕೀಲಿಮಣೆಯ ವಂಶವು ಬೆರಳಚ್ಚು ಯಂತ್ರದಿಂದ ಇಳಿದು ಬಂದುದು. ಅಮೆರಿಕದ ಮಿಲ್ವಾಕಿ ನಗರದ ಕ್ರಿಸ್ಟೋಫರ್ ಲೇಥಮ್ ಶೋಲ್ಸ್ ಎಂಬಾತನು ತನ್ನ ಸಂಗಡಿಗರೊಡನೆ ರೂಪಿಸಿದ ಯಂತ್ರವು 1874ರಲ್ಲಿ ರೆಮಿಂಗ್ಟನ್ ಕಾರ್ಖಾನೆಯಿಂದ ಹೊರಬಿದ್ದಿತು. ಆ ಯಂತ್ರದ ಅಕ್ಷರಗಳ ಸಾಲು ಅಲ್ಪಸ್ವಲ್ಪ ವ್ಯತ್ಯಾಸದೊಡನೆ ಇಂದಿಗೂ ನಮ್ಮ ಬೆರಳುಗಳ ಕೆಳಗಿದೆ. ನಮ್ಮ ಮುಂಬಯಿಯಲ್ಲಿಯೇ ಗೋದ್ರೆಜ್ ಸಂಸ್ಥೆಯು 1955ರಲ್ಲಿ ಬೆರಳಚ್ಚು ಯಂತ್ರಗಳನ್ನು ತಯಾರಿಸತೊಡಗಿ 2009ರಲ್ಲಿ ಅದನ್ನು ನಿಲ್ಲಿಸಿತು. ಹಗಲು ಹೋಟೆಲಿನಲ್ಲಿ ದುಡಿದು, ರಾತ್ರಿಶಾಲೆಯಲ್ಲಿ ಓದಿ, ಟೈಪಿಂಗ್ ಕಲಿತು ಗುಮಾಸ್ತಗಿರಿಗೆ ಸೇರಿದ ಹಿರಿಯರು ನಮ್ಮಲ್ಲಿ ಎಷ್ಟೋ ಮಂದಿ. ಕೀಲಿಯೊಂದನ್ನು ಒತ್ತಿದಾಗ ಅಕ್ಷರ ಮೂಡಿತೆಂಬ ಭರವಸೆಯು ಕಣ್ಣಿಗಿಂತ ಮೊದಲು ಬೆರಳಿಗೆ ತಿಳಿಯುವುದೆಂಬುದನ್ನು ಅವರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ.

ಕಂಪ್ಯೂಟರುಗಳು ಬಂದಾಗ ಈ ಭರವಸೆಯದೇ ಸಮಸ್ಯೆಯಾಯಿತು. ಬೆರಳಚ್ಚು ಯಂತ್ರದಲ್ಲಿ ಕೀಲಿಯನ್ನು ಒತ್ತಿದರೆ ಅಚ್ಚಿನ ಸುತ್ತಿಗೆಯೆದ್ದು ಕಾಗದವನ್ನು ಹೊಡೆಯುತ್ತಿತ್ತು. ಕಂಪ್ಯೂಟರಿನ ಕೀಲಿಯಾದರೋ ಒಂದು ವಿದ್ಯುತ್ ಸಂಜ್ಞೆಯನ್ನು ಕಳುಹಿಸುವುದೇ ಹೊರತು ಯಾವುದನ್ನೂ ಹೊಡೆಯುವುದಿಲ್ಲ. ಒತ್ತಿದುದು ತಾಗಿತೋ ಇಲ್ಲವೋ ಎಂಬುದನ್ನು ಬೆರಳಿಗೆ ತಿಳಿಸುವ ಬಗೆ ಹೇಗೆ? ಇದಕ್ಕೆ ಉತ್ತರ ಹುಡುಕಿದವರಲ್ಲಿ ಅಮೆರಿಕದ ಐಬಿಎಂ ಸಂಸ್ಥೆ ಮುಖ್ಯವಾದುದು. 1961ರಲ್ಲಿ ಹೊರಬಂದು ಹೆಸರಾದ ಸೆಲೆಕ್ಟ್ರಿಕ್ ಬೆರಳಚ್ಚು ಯಂತ್ರವನ್ನು ಕೆಂಟಕಿ ರಾಜ್ಯದ ಲೆಕ್ಸಿಂಗ್ಟನ್ ಕಾರ್ಖಾನೆಯಲ್ಲಿ ತಯಾರಿಸುತ್ತಿದ್ದುದು ಇದೇ ಸಂಸ್ಥೆ. ಅಲ್ಲಿಯ ರಿಚರ್ಡ್ ಹಂಟರ್ ಹ್ಯಾರಿಸ್ ಎಂಬ ತಂತ್ರಜ್ಞನ ಉಪಾಯವೊಂದಕ್ಕೆ 1978ರಲ್ಲಿ ಪೇಟೆಂಟ್ ದೊರೆಯಿತು.

ಆ ಉಪಾಯವು ತೀರ ಸರಳ. ಪ್ರತಿಯೊಂದು ಕೀಲಿಯ ಕೆಳಗೆ ಒಂದು ಸಣ್ಣ ಸ್ಪ್ರಿಂಗು ನೆಟ್ಟಗೆ ನಿಂತಿರುತ್ತದೆ. ಕೀಲಿಯನ್ನು ಒತ್ತುತ್ತ ಹೋದಂತೆ ಅದು ಕುಗ್ಗುತ್ತದೆ. ಒಂದು ಮಿತಿ ಮುಟ್ಟಿದೊಡನೆ ಇನ್ನು ನೆಟ್ಟಗೆ ನಿಲ್ಲಲಾರದೆ ಪಕ್ಕಕ್ಕೆ ಥಟ್ಟನೆ ಬಾಗುತ್ತದೆ. ಹಾಗೆ ಬಾಗುವಾಗ ಬುಡದಲ್ಲಿರುವ ಪುಟ್ಟ ನಾಲಗೆಯೊಂದು ಮಗುಚಿ ಬೀಳುತ್ತದೆ, ಸಂಜ್ಞೆ ಹೋಗುತ್ತದೆ, "ಟಕ್" ಎಂಬ ಸದ್ದೂ ಹುಟ್ಟುತ್ತದೆ. ಬೆರಳಿಗೆ ತಿಳಿಯುವುದು, ಕಿವಿಗೆ ಕೇಳುವುದು, ಯಂತ್ರಕ್ಕೆ ಮುಟ್ಟುವುದು ಮೂರೂ ಒಂದೇ ಕ್ಷಣದಲ್ಲಿ ನಡೆಯುತ್ತವೆ. ಪರದೆಯನ್ನು ನೋಡದೆಯೇ ಕೈ ಮುಂದುವರಿಯಬಲ್ಲದು.

1981ರ ಆಗಸ್ಟ್‌ನಲ್ಲಿ ಹೊರಬಂದ ಐಬಿಎಂ ಪರ್ಸನಲ್ ಕಂಪ್ಯೂಟರಿನೊಡನೆ ಬಂದ 83 ಕೀಲಿಗಳ ಮಣೆಯಲ್ಲಿ ಈ ಸ್ಪ್ರಿಂಗೇ ಇತ್ತು. ಅದನ್ನು ಸಂಗ್ರಾಹಕರು ಮಾಡೆಲ್ ಎಫ್ ಎಂದು ಕರೆಯುತ್ತಾರೆ. ಅದರ ನಾಲಗೆಯು ತಾಮ್ರದ ಪಟ್ಟಿಯನ್ನು ಲೋಹಕ್ಕೆ ಲೋಹ ತಾಗಿಸಿ ಸಂಜ್ಞೆ ಕೊಡುವುದಿಲ್ಲ. ಸಮೀಪಕ್ಕೆ ಬಂದಾಗ ಆಗುವ ವಿದ್ಯುತ್ ಧಾರಣಶಕ್ತಿಯ ಬದಲಾವಣೆಯನ್ನು ಯಂತ್ರವು ಗುರುತಿಸುತ್ತದೆ. ಸವೆಯುವ ಲೋಹದ ಸಂಪರ್ಕವೇ ಇಲ್ಲದಿರುವುದರಿಂದ ಇದರ ಆಯುಸ್ಸು ದೀರ್ಘ. 1985ರಲ್ಲಿ ಬಂದ ಮಾಡೆಲ್ ಎಂ ಎಂಬುದರಲ್ಲಿ ಖರ್ಚನ್ನು ತಗ್ಗಿಸುವುದಕ್ಕಾಗಿ ಕೆಳಗಿನ ಮಂಡಲಕ್ಕೆ ಬದಲು ಪ್ಲ್ಯಾಸ್ಟಿಕ್ ಹಾಳೆಗಳ ಮೂರು ಪದರವನ್ನಿರಿಸಿದರು. ಮೇಲಿನ ಸ್ಪ್ರಿಂಗು ಹಾಗೆಯೇ ಉಳಿಯಿತು. ಅದರ 101 ಕೀಲಿಗಳ ವಿನ್ಯಾಸವೇ ಇಂದಿನ ಸಾಮಾನ್ಯ ಕೀಲಿಮಣೆಗಳಿಗೆ ತಳಹದಿಯಾಯಿತು. ಲೆಕ್ಸಿಂಗ್ಟನ್ನಿನಲ್ಲಿ ಮಾತ್ರವಲ್ಲದೆ ಸ್ಕಾಟ್ಲೆಂಡಿನ ಗ್ರೀನಕ್ ಎಂಬಲ್ಲಿಯೂ ಇದನ್ನು ತಯಾರಿಸುತ್ತಿದ್ದರು. ಒಳಗಿನ ಉಕ್ಕಿನ ತಗಡಿನಿಂದಾಗಿ ತೂಕ ಎರಡು ಕಿಲೋಗ್ರಾಮಿಗೂ ಮೇಲೆ.

ಇಂತಹ ವಸ್ತುವು ಗುಜರಿಗೆ ಹೋದುದೇಕೆ? ಉತ್ತರ ವಾಚಕರಿಗೆ ಹೊಸದಲ್ಲ. ಕಂಪ್ಯೂಟರಿನ ಬೆಲೆ ಇಳಿದಂತೆಲ್ಲ ಬಿಡಿಭಾಗಗಳ ಬೆಲೆಯನ್ನೂ ಇಳಿಸಬೇಕಾಯಿತು. ನೂರೊಂದು ಸ್ಪ್ರಿಂಗುಗಳ ಬದಲು ಗುಳ್ಳೆಗಳಿರುವ ಒಂದೇ ರಬ್ಬರು ಹಾಳೆಯನ್ನು ಹಾಸಿದರೆ ಕೆಲಸ ಸಾಗುತ್ತದೆ, ಸದ್ದೂ ಇಲ್ಲ. ಸೋವಿಯು ಗೆದ್ದಿತು. ಐಬಿಎಂ ಸಂಸ್ಥೆಯು 1991ರಲ್ಲಿ ಲೆಕ್ಸಿಂಗ್ಟನ್ನಿನ ಈ ವಿಭಾಗವನ್ನು ಮಾರಿತು. ಅದು ಲೆಕ್ಸ್‌ಮಾರ್ಕ್ ಆಯಿತು. 1996ರಲ್ಲಿ ಲೆಕ್ಸ್‌ಮಾರ್ಕ್ ಕೂಡ ಕೀಲಿಮಣೆಯ ತಯಾರಿಕೆಯನ್ನು ಕೈಬಿಟ್ಟಾಗ, ಅಲ್ಲಿ ದುಡಿದಿದ್ದ ಕೆಲವರು ಸೇರಿ ಯೂನಿಕಾಂಪ್ ಎಂಬ ಸಣ್ಣ ಸಂಸ್ಥೆಯನ್ನು ಕಟ್ಟಿ, ಹಳೆಯ ಯಂತ್ರಸಾಮಗ್ರಿಯನ್ನು ಕೊಂಡು, ಅದೇ ಊರಿನಲ್ಲಿ ಅದೇ ಬಗೆಯ ಕೀಲಿಮಣೆಯನ್ನು ತಯಾರಿಸುತ್ತ ಬಂದರು. ದೊಡ್ಡವರು ಬಿಟ್ಟುದನ್ನು ಕೆಲಸಗಾರರು ಹಿಡಿದ ಈ ಸಂಗತಿಯು ನೆನಪಿನಲ್ಲಿಡತಕ್ಕುದು.

ಇನ್ನು ಸಂಗ್ರಾಹಕರ ವಿಚಾರ. ಇವರು ಹಳೆಯ ಕಛೇರಿಗಳ ಹರಾಜು, ಗೋದಾಮು, ಗುಜರಿ ಅಂಗಡಿಗಳನ್ನು ಸುತ್ತುತ್ತಾರೆ. ಕೈಗೆ ಸಿಕ್ಕಿದುದನ್ನು ಮೊದಲು ಮಗುಚಿ ನೋಡುತ್ತಾರೆ. ಮಾಡೆಲ್ ಎಂ ಮಣೆಗಳ ಬೆನ್ನಿನಲ್ಲಿ ಅಂಟಿಸಿದ ಚೀಟಿಯ ಮೇಲೆ ಅದರ ಭಾಗಸಂಖ್ಯೆಯೂ ತಯಾರಾದ ದಿನವೂ ಇರುತ್ತವೆ. 1391401 ಎಂಬ ಸಂಖ್ಯೆ ಇಂಥವರಿಗೆಲ್ಲ ಕಂಠಪಾಠ. ಆ ಚೀಟಿ ಇವರಿಗೆ ಜಾತಕವಿದ್ದಂತೆ. ಅದನ್ನು ಒದ್ದೆ ಮಾಡದೆ ಕಾಪಾಡುವುದು ಈ ಕಲೆಯ ಮೊದಲ ಪಾಠ.

ಜೀರ್ಣೋದ್ಧಾರದ ಕ್ರಮವು ತಾಳ್ಮೆಯದು. ಬಿಚ್ಚುವ ಮೊದಲು ಪ್ರತಿಯೊಂದು ಕೀಲಿಯ ಸ್ಥಾನವನ್ನು ಚಿತ್ರ ತೆಗೆದಿಟ್ಟುಕೊಳ್ಳುತ್ತಾರೆ. ಬಳಿಕ ಕೀಲಿಗಳ ಟೋಪಿಗಳನ್ನು ನೆಟ್ಟಗೆ ಮೇಲಕ್ಕೆಳೆದು ತೆಗೆದು, ಉಗುರುಬೆಚ್ಚಗಿನ ಸಾಬೂನು ನೀರಿನಲ್ಲಿ ನೆನೆಸಿ ಉಜ್ಜುತ್ತಾರೆ. ಒಳಗೆ ಕಾಣುವುದೇನು? ದಶಕಗಳ ಧೂಳು, ಕೂದಲು, ಬಿಸ್ಕತ್ತಿನ ಪುಡಿ, ಚಹದ ಕಲೆ. ಮಾಡೆಲ್ ಎಂ ಮಣೆಯ ಅಕ್ಷರಗಳನ್ನು ಮೇಲೆ ಬಳಿದಿಲ್ಲ. ಕಾವಿನಿಂದ ಬಣ್ಣವನ್ನು ಪ್ಲ್ಯಾಸ್ಟಿಕ್ಕಿನೊಳಕ್ಕೆ ಇಳಿಸಿದ್ದಾರೆ. ಆದುದರಿಂದ ಮೂವತ್ತು ವರ್ಷಗಳ ಬೆರಳಾಟದ ಮೇಲೂ ಅವು ಮಾಸದೆ ಹೊಸದರಂತೆ ಹೊರಬರುತ್ತವೆ.

ನಿಜವಾದ ಕಷ್ಟವು ಒಳಗಿದೆ. ಮಾಡೆಲ್ ಎಂ ಮಣೆಯಲ್ಲಿ ಪ್ಲ್ಯಾಸ್ಟಿಕ್ ಫಲಕವನ್ನು ಉಕ್ಕಿನ ತಗಡಿಗೆ ಬಿಗಿದಿರುವುದು ಕರಗಿಸಿ ಮುಚ್ಚಿದ ಸಣ್ಣ ಪ್ಲ್ಯಾಸ್ಟಿಕ್ ರಿವೆಟ್ಟುಗಳಿಂದ. ಕಾಲಕ್ರಮದಲ್ಲಿ ಇವು ಒಣಗಿ ಒಂದೊಂದಾಗಿ ಸಿಡಿಯುತ್ತವೆ. ಬಿಗಿ ತಪ್ಪಿ ಕೀಲಿಗಳು ಸಡಿಲವಾಗುತ್ತವೆ. ಮಣೆಯನ್ನು ಅಲುಗಾಡಿಸಿದರೆ ಒಳಗೆ ಕಾಳು ಕುಣಿದಂಥ ಸದ್ದು ಬರುವುದು ಇದರ ಲಕ್ಷಣ. ಉದ್ಧಾರಕನು ಉಳಿದ ರಿವೆಟ್ಟುಗಳನ್ನೂ ಕತ್ತರಿಸಿ, ಅವುಗಳ ಜಾಗದಲ್ಲಿ ಸೂಕ್ಷ್ಮವಾದ ರಂಧ್ರ ಕೊರೆದು, ಎರಡು ಮಿಲಿಮೀಟರಿನ ತಿರುಪುಮೊಳೆಗಳನ್ನು ಹಾಯಿಸಿ ನಟ್ಟು ಬಿಗಿಯುತ್ತಾನೆ. ಇಂಥವು ಹತ್ತಾರು ಬೇಕು. ಒಂದು ದಿನವೇ ಹಿಡಿದೀತು. ಆದರೆ ಇನ್ನು ಮುಂದೆ ಅದನ್ನು ಯಾವಾಗ ಬೇಕಾದರೂ ಬಿಚ್ಚಬಹುದು, ಜೋಡಿಸಬಹುದು. ಹಳೆಯ ಮಾಡೆಲ್ ಎಫ್ ಮಣೆಯಲ್ಲಾದರೋ ತಗಡುಗಳ ನಡುವಣ ಸ್ಪಂಜಿನ ಹಾಸು ಪುಡಿಯಾಗಿರುತ್ತದೆ. ಅದನ್ನು ಕೆರೆದು ತೆಗೆದು, ಹೊಸ ಹಾಸನ್ನು ಅಳತೆಗೆ ಕತ್ತರಿಸಿ ಹಾಕುತ್ತಾರೆ. ತುಕ್ಕನ್ನು ಉಜ್ಜಿ ತಗಡಿಗೆ ಬಣ್ಣ ಕೊಡುತ್ತಾರೆ. ಅಂದಿನ ಮಣೆಯ ವಿದ್ಯುತ್ ಭಾಷೆ ಇಂದಿನ ಕಂಪ್ಯೂಟರಿಗೆ ಅರ್ಥವಾಗದುದರಿಂದ ನಡುವೆ ದುಭಾಷಿಯಂತೆ ಒಂದು ಚಿಕ್ಕ ಮಂಡಲವನ್ನು ಕೂಡಿಸಿ ಯುಎಸ್‌ಬಿ ತಂತಿಗೆ ಹೊಂದಿಸುತ್ತಾರೆ. ನಮ್ಮ ಹಳೆಯ ಹೋಟೆಲುಗಳಲ್ಲಿ ಹಿತ್ತಾಳೆಯ ಪಾತ್ರೆಗೆ ಕಲಾಯಿ ಹಾಕಿಸಿ, ರುಬ್ಬುವ ಕಲ್ಲು ನುಣುಪಾದಾಗ ಉಳಿ ಹಿಡಿಸಿ, ಮತ್ತೆ ವರ್ಷಗಟ್ಟಲೆ ದುಡಿಸುತ್ತಿದ್ದರಲ್ಲವೆ? ಇದೂ ಅದೇ ಧರ್ಮ.

ಈ ಬಳಗದಲ್ಲಿ ಭಿನ್ನಾಭಿಪ್ರಾಯಗಳಿಲ್ಲದೆ ಇಲ್ಲ. ಒಂದನೆಯದು ಬಣ್ಣದ ವಿಚಾರ. ಅಂದಿನ ಅನೇಕ ಪ್ಲ್ಯಾಸ್ಟಿಕ್ ಕವಚಗಳು ಬಿಸಿಲು, ಶಾಖ, ಗಾಳಿಗಳ ಸಂಸರ್ಗದಿಂದ ಹಳದಿಗಟ್ಟಿವೆ. ಹೈಡ್ರೋಜನ್ ಪೆರಾಕ್ಸೈಡ್ ಲೇಪಿಸಿ ಅತಿನೇರಳೆ ಬೆಳಕಿಗೆ ಒಡ್ಡಿದರೆ ಅವು ಬಿಳುಪಾಗುತ್ತವೆಂಬ ವಿಧಾನವು 2008ರಿಂದೀಚೆಗೆ ಪ್ರಚಾರಕ್ಕೆ ಬಂದಿದೆ. ಆದರೆ ಲೇಪವು ಸಮನಾಗದಿದ್ದರೆ ಪಟ್ಟೆ ಬೀಳುವುದುಂಟು. ಬಿಳುಪಾದುದು ಕೆಲಕಾಲದ ನಂತರ ಪುನಃ ಹಳದಿಯಾಗುವುದೂ ಉಂಟು. ದ್ರಾವಣವು ತೀಕ್ಷ್ಣವಾಗಿದ್ದರೆ ಚರ್ಮವನ್ನು ಸುಡುತ್ತದೆ. ಹಳದಿಯೂ ಆ ವಸ್ತುವಿನ ವಯಸ್ಸಿನ ಗುರುತೇ ಆದುದರಿಂದ ಅದನ್ನು ಹಾಗೆಯೇ ಬಿಡುವುದು ಲೇಸೆಂಬವರ ಪಕ್ಷವೇ ನಮಗೆ ಹೆಚ್ಚು ಯುಕ್ತವಾಗಿ ತೋರುತ್ತದೆ.

ಎರಡನೆಯದು ಇನ್ನೂ ಗಂಭೀರವಾದುದು. ಹಳೆಯ ಟರ್ಮಿನಲ್ಲುಗಳಿಗೂ ಕಂಪ್ಯೂಟರುಗಳಿಗೂ ಅವುಗಳದೇ ಆದ ಕೀಲಿಮಣೆಗಳಿದ್ದವು. ಸಂಗ್ರಾಹಕರ ಆಸೆ ಹೆಚ್ಚಿದಂತೆ ಮಾರುವವರು ಮಣೆಯನ್ನು ಮಾತ್ರ ಕಿತ್ತು ಮಾರಿ, ಯಂತ್ರವನ್ನು ಗುಜರಿಗೆ ಎಸೆಯತೊಡಗಿದರು. ಕೆಲವರಂತೂ ಅಪರೂಪದ ಮಣೆಯನ್ನು ಕೊಂಡು, ಅದರ ಸ್ವಿಚ್ಚುಗಳನ್ನೋ ಟೋಪಿಗಳನ್ನೋ ಹೊಸ ಮಣೆಗೆ ಹಾಕಿಕೊಂಡು ಉಳಿದುದನ್ನು ಬಿಸುಡುತ್ತಾರೆ. ಹಳೆಯ ಕಂಪ್ಯೂಟರನ್ನು ಉಳಿಸಿಕೊಂಡವನು ಕೀಲಿಮಣೆಯಿಲ್ಲದೆ ಕೈಕಟ್ಟಿ ಕುಳಿತುಕೊಳ್ಳಬೇಕಾಗಿದೆ. ಒಂದು ಗುಡಿಯ ಕಂಬ ಕಿತ್ತು ತನ್ನ ಮನೆಯ ಜಗಲಿಗೆ ನಿಲ್ಲಿಸುವವನನ್ನು ಯಾರೂ ಜೀರ್ಣೋದ್ಧಾರಕನೆನ್ನುವುದಿಲ್ಲ. ಪ್ರೀತಿಯ ಹೆಸರಿನಲ್ಲಿ ನಡೆಯುವ ನಾಶವು ಉದಾಸೀನದಿಂದ ಆಗುವ ನಾಶಕ್ಕಿಂತ ಕಡಿಮೆಯದಲ್ಲ. ಜೋಡಿಯಾಗಿ ಸಿಕ್ಕಿದುದನ್ನು ಜೋಡಿಯಾಗಿಯೇ ಇಡಬೇಕು. ಕೆಟ್ಟುಹೋದ ಮಣೆಯಿಂದ ಭಾಗ ತೆಗೆಯಬಹುದು, ನೆಟ್ಟಗಿರುವುದನ್ನು ಕೆಡಿಸಬಾರದು. ಇದು ಈ ಬಳಗದ ವಿವೇಕಿಗಳ ಮತ.

ಇಷ್ಟೆಲ್ಲ ದೂರದ ಮಾತಾಯಿತು, ನಮಗೇನೆಂದು ಯಾರಾದರೂ ಕೇಳಬಹುದು. ನಮ್ಮ ಅಂಗಡಿ, ಹೋಟೆಲು, ಕಛೇರಿಗಳ ಬಿಲ್ಲಿನ ಮೇಜುಗಳಲ್ಲಿ ಬಹಳ ಕಾಲದಿಂದ ಬಳಕೆಯಲ್ಲಿರುವ ಟಿವಿಎಸ್ ಗೋಲ್ಡ್ ಎಂಬ ಕೀಲಿಮಣೆಯನ್ನು ವಾಚಕರು ನೋಡಿಯೇ ಇರುತ್ತಾರೆ. ಸದ್ದು ಮಾಡುವುದೆಂದು ಅದನ್ನು ದೂರುವವರುಂಟು. ಆದರೆ ರಬ್ಬರಿನ ಹಾಳೆಯ ಬದಲು ಪ್ರತಿಯೊಂದು ಕೀಲಿಗೂ ಬೇರೆಬೇರೆ ಸ್ವಿಚ್ಚಿರುವ ಮಣೆ ಅದು. ಜರ್ಮನಿಯ ಚೆರ್ರಿ ಸಂಸ್ಥೆಯ ನೀಲಿ ಸ್ವಿಚ್ಚುಗಳಿದ್ದ ಹಳೆಯ ಟಿವಿಎಸ್ ಮಣೆಗಳನ್ನು ನಮ್ಮ ದೇಶದ ಸಂಗ್ರಾಹಕರು ಹುಡುಕಿಕೊಂಡು ಹೋಗುತ್ತಾರೆ. ಅದರ ಒಂದು ಕೀಲಿ ಕೆಟ್ಟರೆ ಮಣೆಯೆಲ್ಲ ಕೆಟ್ಟಿತೆಂದು ಅರ್ಥವಲ್ಲ. ಬೆಸುಗೆ ಬಲ್ಲವನು ಆ ಒಂದು ಸ್ವಿಚ್ಚನ್ನು ತೆಗೆದು ಬೇರೊಂದನ್ನು ಕೂಡಿಸಬಲ್ಲನು. ಮುಂಬಯಿಯ ಲ್ಯಾಮಿಂಗ್ಟನ್ ರಸ್ತೆ, ಚೆನ್ನೈಯ ರಿಚ್ಚಿ ಬೀದಿ, ದೆಹಲಿಯ ನೆಹರೂ ಪ್ಲೇಸುಗಳಂಥ ಪೇಟೆಗಳಲ್ಲಿ ಕೈಕಸಬಿನವರು ಇನ್ನೂ ಇದ್ದಾರೆ.

ಆದುದರಿಂದ ವಾಚಕರಲ್ಲಿ ನಮ್ಮ ಬಿನ್ನಹ ಇಷ್ಟೆ. ತಾವು ದುಡಿಯುವಲ್ಲಿ ಹಳೆಯ, ಭಾರವಾದ, "ಟಕ್ ಟಕ್" ಎನ್ನುವ ಮಣೆಯೊಂದು ಮೂಲೆಗೆ ಬಿದ್ದಿದ್ದರೆ ಗೋಣಿಗೆ ತುಂಬುವ ಮುನ್ನ ಒಮ್ಮೆ ಬೆನ್ನು ಮಗುಚಿ ನೋಡಿ. ಕಛೇರಿಯ ಸೊತ್ತಾದರೆ ಅನುಮತಿಯಿಲ್ಲದೆ ಒಯ್ಯಬಾರದು; ರದ್ದುಮಾಡಿ ಮಾರುವಾಗ ಕೇಳಿ ಕೊಂಡುಕೊಳ್ಳಬಹುದು. 2023ರ ಏಪ್ರಿಲ್ 1ರಿಂದ ಜಾರಿಗೆ ಬಂದಿರುವ ಇ-ತ್ಯಾಜ್ಯ ನಿಯಮಗಳಂತೆ ದೊಡ್ಡ ಕಛೇರಿಗಳು ಇಂತಹ ಸಾಮಾನನ್ನು ಕಂಡಕಂಡವರಿಗೆ ಕೊಡಲಾಗದು. ನೋಂದಾಯಿತ ದುರಸ್ತಿಗಾರರಿಗೋ ಮರುಬಳಕೆದಾರರಿಗೋ ಒಪ್ಪಿಸಬೇಕು. ಮಣೆಯನ್ನು ಶುಚಿಗೊಳಿಸುವಾಗ ತಂತಿ ಕಿತ್ತು, ಟೋಪಿಗಳನ್ನಷ್ಟೇ ನೀರಿಗೆ ಹಾಕಿ, ಒಳಭಾಗವನ್ನು ಒಣ ಕುಂಚದಿಂದ ಗುಡಿಸಿ. ಟೋಪಿಗಳು ಒಂದು ದಿನ ಚೆನ್ನಾಗಿ ಆರಿದ ಮೇಲೆಯೇ ತೊಡಿಸಿ.

ಬಿಚ್ಚಲು ಬರುವ ವಸ್ತುವನ್ನು ರಿಪೇರಿ ಮಾಡಬಹುದು. ರಿಪೇರಿಗೆ ಒಗ್ಗುವ ವಸ್ತುವು ಕೊಂಡವನ ಸ್ವಾಧೀನದಲ್ಲಿ ಉಳಿಯುತ್ತದೆ. ಬಿಚ್ಚಲಾರದಂತೆ ಅಂಟಿಸಿ ಮಾರಿದ ವಸ್ತುವಾದರೋ ನಮ್ಮದೆಂದು ಹೆಸರಿಗೆ ಮಾತ್ರ. ಹೊಸದನ್ನು ಕೊಳ್ಳುವಾಗಲೂ ಬೆಲೆಯೊಂದನ್ನೇ ಕೇಳದೆ, "ಇದರ ಒಂದು ಕೀಲಿ ಕೆಟ್ಟರೆ ಸರಿಪಡಿಸಬಹುದೆ?" ಎಂದು ಅಂಗಡಿಯವನನ್ನು ಕೇಳುವ ಅಭ್ಯಾಸವನ್ನು ನಾವು ಮಾಡಿಕೊಂಡರೆ, ಹಳೆಯ ಕೀಲಿಮಣೆಗಳ ಹಿಂದೆ ಬಿದ್ದ ಈ ಜನರ ಶ್ರಮದಿಂದ ನಾವೂ ಒಂದು ಪಾಠ ಕಲಿತಂತಾಗುವುದು.