ಜಲ್ಲಿಗೆ ನೀರೇ ಇಷ್ಟ, ಡಾಂಬರು ಕಷ್ಟ!

ಏಪ್ರಿಲ್‌ನಲ್ಲಿ ಕನ್ನಡಿ ಹಾಗೆ ಹೊಳೀತಿದ್ದ ರಸ್ತೆ ಜೂನ್ ಮುಗಿಯೋ ಹೊತ್ತಿಗೆ ಗುಂಡಿ. ಬಸ್ಸಿನ ಹಿಂದಿನ ಸೀಟಿನವರ ಸೊಂಟ ಉಳುಕುತ್ತೆ, ರಸ್ತೆ ಬದಿ ಅಂಗಡಿಯವರ ಸಾಮಾನಿನ ಮೇಲೆ ಕೆಸರು ಹಾರುತ್ತೆ. ‘ಡಾಂಬರು ತಿಂದ್ರು’ ಅಂತ ಎಲ್ಲರೂ ತೀರ್ಪು ಕೊಟ್ಟುಬಿಡ್ತಾರೆ. ತಿನ್ನುವವರು ಇಲ್ಲವೆಂದಲ್ಲ. ಆದರೆ ಲೆಕ್ಕದ ಪ್ರಕಾರ ಡಾಂಬರು ಬಿದ್ದ ರಸ್ತೆಯೂ ಹೀಗೇ ಕಿತ್ತು ಹೋಗುವುದುಂಟು.

ಗುಂಡಿಯಿಂದ ಎದ್ದ ಒಂದು ಜಲ್ಲಿ ಕೈಗೆ ತಗೊಂಡು ನೋಡಿ. ತೊಳೆದಿಟ್ಟ ಹಾಗೆ ಕಲ್ಲು ಬೆಳ್ಳಗಿದೆಯೇ? ಹಾಗಾದರೆ ಡಾಂಬರು ಸವೆದದ್ದಲ್ಲ, ಬೇಯಿಸಿದ ಗೆಣಸಿನ ಸಿಪ್ಪೆ ಹಾಗೆ ಸುಲಿದು ಬಂದದ್ದು. ಎಂಜಿನಿಯರುಗಳು ಇದಕ್ಕೆ ‘ಸ್ಟ್ರಿಪ್ಪಿಂಗ್’ ಅನ್ನುತ್ತಾರೆ.

ಹಾಸನ, ಮಂಡ್ಯ, ಮೈಸೂರು ಕಡೆ ಕ್ರಷರ್‌ಗೆ ಹೋಗುವುದು ಹೆಚ್ಚಾಗಿ ಗ್ರಾನೈಟ್, ನೈಸ್ ಜಾತಿಯ ಕಲ್ಲು. ಗಟ್ಟಿ ಕಲ್ಲೇ ಹೌದು. ಆದರೆ ಅದರಲ್ಲಿ ಸಿಲಿಕಾ ಅಂಶ ಜಾಸ್ತಿ. ಇಂಥ ಕಲ್ಲಿಗೆ ಎಣ್ಣೆ ಗುಣದ ಡಾಂಬರಿಗಿಂತ ನೀರಿನ ಮೇಲೇ ಒಲವು. ಒಣಗಿರುವ ತನಕ ಡಾಂಬರಿನ ಜೊತೆ ಸಂಸಾರ ಸರಿಯಾಗೇ ಇರುತ್ತೆ. ಸಂದಿಯಲ್ಲಿ ನೀರು ಬಂದು ಕೂತಿತೋ, ಕಲ್ಲು ಮೆಲ್ಲಗೆ ಡಾಂಬರಿನ ಕೈ ಬಿಟ್ಟು ನೀರನ್ನು ಅಪ್ಪಿಕೊಳ್ಳುತ್ತೆ. ಸುಣ್ಣಕಲ್ಲಿಗೆ ಈ ಚಾಳಿ ಕಡಿಮೆ.

ನೀರು ಒಳಗೆ ಹೋಗುವುದು ಹೇಗೆ? ರೋಲರ್ ಸರಿಯಾಗಿ ಓಡದಿದ್ದರೆ. ಒಳ್ಳೆಯ ಡಾಂಬರು ಮಿಶ್ರಣವನ್ನು ನೂರಕ್ಕೆ 3ರಿಂದ 5 ಭಾಗ ಗಾಳಿಸಂದಿ ಉಳಿಯುವ ಲೆಕ್ಕದಲ್ಲಿ ಕೂಡಿಸುತ್ತಾರೆ. ರಸ್ತೆಯಲ್ಲಿ ಅದು 8 ದಾಟಿದರೆ ಸಂದಿಗೆ ಸಂದಿ ಕೂಡಿಕೊಂಡು ನೀರಿಗೆ ದಾರಿ. ಆಮೇಲಿನ ಕೆಲಸ ಬಸ್ಸಿನ ಚಕ್ರದ್ದು. ಚಕ್ರ ಹತ್ತಿದಾಗ ನೀರು ಒಳಕ್ಕೆ ಒತ್ತುತ್ತೆ, ಇಳಿದಾಗ ಮೇಲಕ್ಕೆ ಎಳೆಯುತ್ತೆ. ಸೈಕಲ್ ಪಂಪ್ ಇದ್ದ ಹಾಗೆ, ದಿನಕ್ಕೆ ಸಾವಿರ ಸಲ. ಬಸ್ ಸ್ಟಾಪಿನಲ್ಲಂತೂ ಬ್ರೇಕಿನ ಎಳೆತ ಬೇರೆ, ತೊಟ್ಟಿಕ್ಕುವ ಡೀಸೆಲ್ ಬೇರೆ. ಡೀಸೆಲ್ ಡಾಂಬರನ್ನೇ ಕರಗಿಸುತ್ತೆ. ಎಲ್ಲ ಊರಲ್ಲೂ ಬಸ್ ನಿಲ್ಲುವ ಜಾಗದಲ್ಲೇ ಮೊದಲ ಗುಂಡಿ ಯಾಕೆ ಅಂದ್ರೆ ಇದಕ್ಕೇ.

ಇನ್ನು ಚರಂಡಿ. ಅಂಗಡಿ ಮುಂದಿನ ಚರಂಡಿಗೆ ಚಪ್ಪಡಿ ಎಳೆದು, ಮೇಲೆ ಸಾಮಾನು ಪೇರಿಸಿ, ಒಳಗೆ ಪ್ಲಾಸ್ಟಿಕ್ ತುಂಬಿಸಿದವರು ಕಾಂಟ್ರಾಕ್ಟರ್ ಅಲ್ಲ ಸ್ವಾಮಿ! ಹರಿಯಬೇಕಾದ ನೀರು ರಸ್ತೆ ಅಂಚಿನಲ್ಲಿ ವಾರಗಟ್ಟಲೆ ನಿಂತರೆ ಎಂಥ ಡಾಂಬರೂ ತಡೆಯದು. ಕೆಸರು ಹಾರುವುದು ಅದೇ ಅಂಗಡಿಗೆ.

ಮದ್ದು ಇದೆ, ದುಬಾರಿಯೂ ಅಲ್ಲ. ಜಲ್ಲಿ ಧೂಳಿಲ್ಲದೆ, ಬಿಸಿಯಾಗಿ, ಪೂರ್ತಿ ಒಣಗಿರಬೇಕು. ಧೂಳಿನ ಮೇಲೆ ಬಳಿದ ಡಾಂಬರು ಧೂಳಿಗೆ ಅಂಟುತ್ತೆ, ಕಲ್ಲಿಗಲ್ಲ. ನೂರಕ್ಕೆ ಒಂದೆರಡು ಭಾಗ ಅರಳಿದ ಸುಣ್ಣ ಬೆರೆಸಿದರೆ ಹಿಡಿತ ಹೆಚ್ಚುತ್ತೆ. ಅಂಟು ಹೆಚ್ಚಿಸುವ ರಾಸಾಯನಿಕಗಳೂ ಇವೆ. ಮದುರೆಯ ಪ್ರೊಫೆಸರ್ ಆರ್. ವಾಸುದೇವನ್ ಅವರು ಕಾದ ಜಲ್ಲಿಗೆ ಮೊದಲು ಚೂರು ಪ್ಲಾಸ್ಟಿಕ್ ಸವರಿ ಆಮೇಲೆ ಡಾಂಬರು ಹಾಕುವ ದಾರಿ ತೋರಿಸಿದರು. 2018ರಲ್ಲಿ ಅವರಿಗೆ ಪದ್ಮಶ್ರೀ ಬಂತು. ಚರಂಡಿ ಕಟ್ಟುವ ಕ್ಯಾರಿಬ್ಯಾಗೇ ಕಲ್ಲಿಗೆ ರೇನ್‌ಕೋಟ್!

ಪರೀಕ್ಷೆ 1971ರಿಂದಲೂ ಐ.ಎಸ್. 6241ರಲ್ಲಿ ಇದೆ. ಡಾಂಬರು ಸವರಿದ ಜಲ್ಲಿಯನ್ನು 40 ಡಿಗ್ರಿ ನೀರಿನಲ್ಲಿ 24 ಗಂಟೆ ಮುಳುಗಿಸಿ, ಎಷ್ಟು ಸುಲಿಯಿತು ಅಂತ ಕಣ್ಣಳತೆಯಲ್ಲಿ ನೋಡುವುದು. ನೂರಕ್ಕೆ 95 ಭಾಗ ಕಪ್ಪು ಉಳಿದಿರಬೇಕು ಅನ್ನುತ್ತೆ ಹೆದ್ದಾರಿ ನಿಯಮ. ಒಂದು ದಿನದ ಕೆಲಸ. ವಾರ್ಡಿನಲ್ಲಿ ರಸ್ತೆ ಹಾಕುವಾಗ ‘ಆ ರಿಪೋರ್ಟ್ ತೋರ್ಸಿ ಸಾರ್’ ಅಂತ ಕೇಳಲು ಯಾರಪ್ಪನ ಅಪ್ಪಣೆಯೂ ಬೇಡ. ಬಾಯಲ್ಲಿ ಕೊಡದಿದ್ದರೆ ಮಾಹಿತಿ ಹಕ್ಕಿನ ಅರ್ಜಿ ಇದೆ.

ಶಿರಾಡಿ ಘಾಟಿಯಲ್ಲಿ ಡಾಂಬರಿನ ಸಹವಾಸವೇ ಸಾಕೆಂದು 2015 ಮತ್ತು 2018ರಲ್ಲಿ ತಿಂಗಳುಗಟ್ಟಲೆ ರಸ್ತೆ ಮುಚ್ಚಿ ಎರಡು ಹಂತದಲ್ಲಿ ಕಾಂಕ್ರೀಟ್ ಹಾಕಿದರು. (2018ರ ಆಗಸ್ಟ್‌ನಲ್ಲಿ ಗುಡ್ಡವೇ ಕುಸಿದು ಮತ್ತೆ ಬಂದ್ ಆಯಿತು, ಅದು ಬೇರೆ ಮಾತು.) ಪೇಟೆಯ ಪ್ರತಿ ಗಲ್ಲಿಗೂ ಕಾಂಕ್ರೀಟ್ ಹಾಕಲು ಪುರಸಭೆಯಲ್ಲಿ ದುಡ್ಡೆಲ್ಲಿದೆ?

ಹಾಗಾಗಿ ತೇಪೆ. ಅದನ್ನಾದರೂ ಸರಿಯಾಗಿ ಹಾಕಬೇಡವೇ? ಗುಂಡಿಯ ಅಂಚನ್ನು ಚೌಕವಾಗಿ ಕತ್ತರಿಸಿ, ನೀರು ತೆಗೆದು, ಒಣಗಿಸಿ, ಡಾಂಬರು ಎಮಲ್ಷನ್ ಬಳಿದು, ಆಮೇಲೆ ಮಿಶ್ರಣ ತುಂಬಿ ಬಡಿಯಬೇಕು. ನಡೆಯುವುದೇನು? ನೀರು ನಿಂತ ಗುಂಡಿಗೇ ಎರಡು ಬಾಂಡಲಿ ಸುರಿದು, ಸಲಿಕೆಯಲ್ಲಿ ತಟ್ಟಿ, ಟ್ರಾಕ್ಟರ್ ಹೊರಟುಬಿಡುತ್ತೆ. ಮಾರನೇ ದಿನ ಬೆಳಿಗ್ಗೆ ಮೊದಲ ಬಸ್ಸಿನ ಚಕ್ರಕ್ಕೆ ಆ ಜಲ್ಲಿ ಎದುರಿನ ಅಂಗಡಿಯ ಕಟ್ಟೆ ಮೇಲೆ.