ಕೆಂಪು ವೃತ್ತ: ಮಾತಿಲ್ಲದ ಕಳವೂ ನೋಡಿದವರ ಮಾತುಗಳೂ

ಚಲಚ್ಚಿತ್ರವೊಂದನ್ನು ನೋಡಿದ ಮೇಲೆ ಮನೆಮಂದಿ ಅದರ ವಿಷಯವಾಗಿ ಆಡುವ ಮಾತು ಎಷ್ಟೋ ವೇಳೆ ಚಿತ್ರಕ್ಕಿಂತಲೂ ರಸವತ್ತಾಗಿರುವುದುಂಟು. ‘ಲ ಸೆರ್ಕ್ಲ್ ರೂಜ್’, ಅಂದರೆ ‘ಕೆಂಪು ವೃತ್ತ’, ಎಂಬ ಫ್ರೆಂಚ್ ಚಿತ್ರವು ಇದಕ್ಕೆ ಒಳ್ಳೆಯ ನಿದರ್ಶನವಾಗಿದೆ. 1970ನೆಯ ಇಸವಿಯ ಅಕ್ಟೋಬರ್ ತಿಂಗಳಲ್ಲಿ ಇದು ಫ್ರಾನ್ಸಿನಲ್ಲಿ ತೆರೆಗೆ ಬಂದಿತು. ಆ ದೇಶದಲ್ಲಿಯೇ 40 ಲಕ್ಷಕ್ಕೆ ಮಿಕ್ಕ ಜನರು ಇದನ್ನು ನೋಡಿದರು. ಅರ್ಧಶತಮಾನ ಕಳೆದಿದ್ದರೂ ನೋಡಿದವರಲ್ಲಿ ಇಂದಿಗೂ ಏಕಾಭಿಪ್ರಾಯವಿಲ್ಲ. ಕಳವಿನ ಚಿತ್ರಗಳಿಗೆಲ್ಲ ಇದು ಕಿರೀಟಪ್ರಾಯವೆಂದು ಕೆಲವರು ಹೊಗಳುವರು. ಆಮೆಯ ನಡಿಗೆಯ, ಮಂಜಿನಂತೆ ತಣ್ಣಗಿರುವ ಚಿತ್ರವೆಂದು ಕೆಲವರು ಹಳಿಯುವರು. ಹೊಗಳುವವರೂ ಹಳಿಯುವವರೂ ಬೊಟ್ಟುಮಾಡಿ ತೋರಿಸುವ ಅಂಶ ಮಾತ್ರ ಒಂದೇ. ಅದು ಈ ಚಿತ್ರದ ಮೌನವು.

‘ನುವಾರ್’ ಎಂದರೆ ಫ್ರೆಂಚ್ ಭಾಷೆಯಲ್ಲಿ ಕಪ್ಪು. ಎರಡನೆಯ ಮಹಾಯುದ್ಧದ ಕಾಲದ ಅಮೆರಿಕದ ಅಪರಾಧಚಿತ್ರಗಳಲ್ಲಿ ಕತ್ತಲೆಯೂ ನೆರಳೂ ನಿರಾಶೆಯೂ ತುಂಬಿರುವುದನ್ನು ಕಂಡು ಫ್ರೆಂಚ್ ವಿಮರ್ಶಕರು 1946ರಲ್ಲಿ ಅವಕ್ಕೆ ಈ ಹೆಸರನ್ನಿತ್ತರು. ಆ ಜಾಡನ್ನೇ ಹಿಡಿದು ಮುಂದೆ ಬಂದ ಚಿತ್ರಗಳಿಗೆ ‘ನಿಯೋ-ನುವಾರ್’, ನವ್ಯಕೃಷ್ಣವೆನ್ನೋಣ, ಎಂದು ಹೆಸರಾಯಿತು. ‘ಕೆಂಪು ವೃತ್ತ’ದ ನಿರ್ದೇಶಕರಾದ ಝಾನ್-ಪಿಯೆರ್ ಮೆಲ್ವಿಲ್ಲರ ಹುಟ್ಟುಹೆಸರು ಗ್ರುಂಬಾಕ್. ಜರ್ಮನರು ಫ್ರಾನ್ಸನ್ನು ಆಕ್ರಮಿಸಿದ್ದ ಕಾಲದಲ್ಲಿ ಗುಪ್ತಪ್ರತಿರೋಧದ ದಳವನ್ನು ಸೇರಿದ ಇವರು ತಮಗೆ ಪ್ರಿಯನಾದ ಅಮೆರಿಕದ ಕಾದಂಬರಿಕಾರನ ಹೆಸರನ್ನು ತಮ್ಮದಾಗಿ ಮಾಡಿಕೊಂಡರು. ಬಾಯಿ ಬಿಗಿಹಿಡಿದು ಕೆಲಸ ಮಾಡುವವರ ಪರಿಚಯ ಇವರಿಗೆ ಪುಸ್ತಕದಿಂದ ಬಂದುದಲ್ಲವೆಂಬುದನ್ನು ವಾಚಕರು ಗಮನಿಸಬೇಕು.

ಕಥೆಯನ್ನು ಸಂಕ್ಷೇಪವಾಗಿ ಹೇಳುವೆನು. ಕೋರೇ ಎಂಬವನು ಮಾರ್ಸೇಲ್ಸಿನ ಸೆರೆಮನೆಯಿಂದ ಬಿಡುಗಡೆ ಹೊಂದುವ ಹೊತ್ತಿಗೆ ಅಲ್ಲಿಯ ಕಾವಲುಗಾರನೇ ಅವನಿಗೆ ಒಂದು ಆಭರಣದ ಅಂಗಡಿಯ ಗುಟ್ಟನ್ನು ತಿಳಿಸುತ್ತಾನೆ. ಇತ್ತ ಮತೇಯಿ ಎಂಬ ಪೊಲೀಸ್ ಅಧಿಕಾರಿಯು ರಾತ್ರಿಯ ರೈಲಿನಲ್ಲಿ ಪ್ಯಾರಿಸಿಗೆ ಕರೆದೊಯ್ಯುತ್ತಿದ್ದ ವೋಗೆಲ್ ಎಂಬ ಬಂದಿಯು ಪಿನ್ನಿನಿಂದ ಕೈಕೋಳವನ್ನು ಬಿಚ್ಚಿಕೊಂಡು, ಕಿಟಕಿಯಿಂದ ಹಾರಿ, ಕೊನೆಗೆ ಕೋರೇಯ ಮೋಟಾರಿನ ಹಿಂಬದಿಯ ಪೆಟ್ಟಿಗೆಯಲ್ಲಿಯೇ ಅವಿತುಕೊಳ್ಳುತ್ತಾನೆ. ಇವರಿಬ್ಬರಿಗೆ ಮೂರನೆಯವನಾಗಿ ಜಾನ್ಸೆನ್ ಸೇರುತ್ತಾನೆ. ಇವನು ಹಿಂದೆ ಪೊಲೀಸಿನಲ್ಲಿದ್ದ ನಿಪುಣ ಗುರಿಕಾರ. ಈಗ ಕುಡಿತಕ್ಕೆ ತುತ್ತಾದವನು. ಮೂವರೂ ಪ್ಯಾರಿಸಿನ ವೆಂಡೋಮ್ ಚೌಕದ ಅಂಗಡಿಯನ್ನು ದೋಚುತ್ತಾರೆ. ಮತೇಯಿಯ ಬಲೆಗೆ ಬಿದ್ದು ಮೂವರೂ ಸಾಯುತ್ತಾರೆ. ಅಂತ್ಯವನ್ನು ಹೇಳಿಬಿಟ್ಟೆನೆಂದು ಯಾರೂ ಮುನಿಯಬೇಕಾಗಿಲ್ಲ. ಚಿತ್ರವೇ ಅದನ್ನು ಮೊದಲ ನಿಮಿಷದಲ್ಲಿ ಸೂಚಿಸಿಬಿಡುತ್ತದೆ.

ಕಳವಿನ ಪ್ರಕರಣವು ಸುಮಾರು 25 ನಿಮಿಷಗಳಷ್ಟು ದೀರ್ಘವಾದುದು. ಅಷ್ಟು ಹೊತ್ತೂ ಸಂಭಾಷಣೆಯಿಲ್ಲ, ಸಂಗೀತದ ಆಡಂಬರವೂ ಇಲ್ಲ. ಮಾಳಿಗೆಯನ್ನು ಹತ್ತುವರು, ಇಳಿಯುವರು, ಕಾವಲುಗಾರನನ್ನು ಕಟ್ಟಿಹಾಕುವರು. ಜಾನ್ಸೆನ್ ತಾನೇ ಎರಕ ಹೊಯ್ದ ವಿಶೇಷವಾದ ಗುಂಡಿನಿಂದ, ದೂರದ ಗೋಡೆಯ ಮೇಲಿರುವ ಬೀಗದ ರಂಧ್ರಕ್ಕೆ ಗುರಿಯಿಟ್ಟು, ಎಚ್ಚರಿಕೆಯ ಯಂತ್ರವನ್ನು ನಿಲ್ಲಿಸಬೇಕಾಗಿದೆ. ಬಂದೂಕನ್ನು ಮುಕ್ಕಾಲಿಯ ಮೇಲೆ ಕೂರಿಸಿ, ಅಳೆದು, ಹೊಂದಿಸಿ, ಕೊನೆಯ ಕ್ಷಣದಲ್ಲಿ ಅದನ್ನು ಮುಕ್ಕಾಲಿಯಿಂದ ತೆಗೆದು ಬರಿಗೈಯಿಂದಲೇ ಹಾರಿಸುತ್ತಾನೆ! ಅಲ್ಲಿಯವರೆಗೆ ಆಕಳಿಸುತ್ತಿದ್ದವನೂ ಆಗ ಉಸಿರು ಬಿಗಿಹಿಡಿಯದಿರನು.

ಕಳವನ್ನು ಒಂದು ಶಾಸ್ತ್ರವೆಂಬಂತೆ ತೋರಿಸುವುದು ನಮ್ಮವರಿಗೆ ಹೊಸದೇನೂ ಅಲ್ಲ. ಶೂದ್ರಕನ ಮೃಚ್ಛಕಟಿಕದ ಮೂರನೆಯ ಅಂಕದಲ್ಲಿ ಶರ್ವಿಲಕನು ಚಾರುದತ್ತನ ಮನೆಗೆ ಕನ್ನ ಕೊರೆಯುವುದನ್ನು ಬಲ್ಲವರು ಬಲ್ಲರು. ಕಮಲದಾಕಾರವೋ, ಸ್ವಸ್ತಿಕವೋ, ಪೂರ್ಣಕುಂಭವೋ ಎಂದು ಕನ್ನದ ಆಕಾರವನ್ನು ಆತನು ವಿಮರ್ಶಿಸುತ್ತಾನೆ. ಅಳತೆಯ ದಾರವನ್ನು ಮರೆತು ಬಂದುದರಿಂದ ಯಜ್ಞೋಪವೀತದಿಂದಲೇ ಅಳೆಯುತ್ತಾನೆ. ಆದರೆ ಶರ್ವಿಲಕನು ಎಡೆಬಿಡದೆ ಮಾತನಾಡುವ ಕಳ್ಳ. ಮದನಿಕೆಯನ್ನು ದಾಸ್ಯದಿಂದ ಬಿಡಿಸಲು ಕದಿಯುತ್ತಿರುವೆನೆಂಬುದೂ ನಮಗೆ ತಿಳಿಯುತ್ತದೆ. ಆದುದರಿಂದ ನಾವು ನಗುತ್ತ ಅವನನ್ನು ಕ್ಷಮಿಸುತ್ತೇವೆ. ಮೆಲ್ವಿಲ್ಲರ ಕಳ್ಳರಿಗೆ ಮದನಿಕೆಯಿಲ್ಲ. ಏತಕ್ಕಾಗಿ ಕದಿಯುತ್ತಾರೆಂದು ಅವರು ಹೇಳುವುದೂ ಇಲ್ಲ. ‘ತಣ್ಣಗಿದೆ’ ಎಂಬ ಆಕ್ಷೇಪಣೆಯ ಮೂಲವು ಇಲ್ಲಿದೆಯೆಂದು ನನಗೆ ತೋರುತ್ತದೆ.

ಆ ಆಕ್ಷೇಪಣೆಯನ್ನು ನಾನು ಪೂರ್ತಿಯಾಗಿ ಒಪ್ಪಲಾರೆನು. ಜಾನ್ಸೆನ್ನನನ್ನು ನಾವು ಮೊದಲು ಕಾಣುವಾಗ ಅವನು ಹಾಸಿಗೆಯಲ್ಲಿ ಬಿದ್ದಿದ್ದಾನೆ. ಕುಡಿತದ ಭ್ರಮೆಯಲ್ಲಿ ಇಲಿ, ಹಾವು, ಜೇಡ ಮೊದಲಾದುವು ಮೈಮೇಲೆ ಹರಿದುಬರುತ್ತಿವೆ. ಕೆಲಸದ ಕರೆ ಬರುತ್ತಲೆ ಸ್ನಾನ ಮಾಡಿ, ಒಳ್ಳೆಯ ಉಡುಪು ಧರಿಸಿ, ನಡುಗುವ ಕೈಯನ್ನು ಹದಕ್ಕೆ ತರುತ್ತಾನೆ. ಕಳವು ಮುಗಿದ ತರುವಾಯ ತನ್ನ ಪಾಲು ತನಗೆ ಬೇಡವೆನ್ನುತ್ತಾನೆ. ಆ ಪ್ರಾಣಿಗಳನ್ನು ಗೆದ್ದುದೇ ಅವನಿಗೆ ಸಂಭಾವನೆ. ಬರಿಗೈಯಿಂದ ಗುಂಡು ಹಾರಿಸಿದುದೇಕೆಂಬುದು ಆಗ ಅರ್ಥವಾಗುತ್ತದೆ. ಇಂತಹುದನ್ನು ತಣ್ಣಗಿನದೆನ್ನುವವರು ಭಾವವನ್ನು ಬಾಯಲ್ಲಿ ಹುಡುಕಿದರು, ಅದು ಕೈಯಲ್ಲಿದ್ದಿತು. ವಿಭಾವಾನುಭಾವಗಳಿಂದ ರಸವು ವ್ಯಂಗ್ಯವಾಗಬೇಕೇ ಹೊರತು ಅದರ ಹೆಸರನ್ನು ಕೂಗಿ ಹೇಳಿದರೆ ದೋಷವೆಂದು ನಮ್ಮ ಆಲಂಕಾರಿಕರು ವಿಧಿಸಿರುವರಷ್ಟೆ.

ಕಳೆದ ಬೇಸಗೆಯಲ್ಲಿ ನಮ್ಮ ಮನೆಯಲ್ಲಿ ಇದನ್ನು ನೋಡಿದಾಗ ನಾಲ್ವರಿಗೆ ನಾಲ್ಕು ಅಭಿಪ್ರಾಯ. ಮಗನು ಅರ್ಧದಲ್ಲಿಯೇ ನಿದ್ರೆಹೋದನು. (ಅದೂ ಒಂದು ಅಭಿಪ್ರಾಯವೇ.) ಸೊಸೆಯು, “ಮಾವಯ್ಯ, ಈ ಊರಿನಲ್ಲಿ ಹೆಂಗಸರೇ ಇಲ್ಲವೆ?” ಎಂದು ಕೇಳಿದಳು. ಕೋರೇಯ ಪೂರ್ವಪ್ರೇಯಸಿಯೊಬ್ಬಳು ಬಾಗಿಲ ಮರೆಯಲ್ಲಿ ನಿಂತು ಮರೆಯಾಗುವಳು; ನರ್ತಕಿಯರು ಕುಣಿದು ಹೋಗುವರು; ಅಷ್ಟೆ. ಈ ದೂರನ್ನು ಬೇರೆ ಪ್ರೇಕ್ಷಕರೂ ಹೇಳಿರುವರು, ಇದಕ್ಕೆ ಸಮಾಧಾನವಿಲ್ಲ. ಬ್ಯಾಂಕಿನಿಂದ ನಿವೃತ್ತರಾದ ನೆರೆಮನೆಯವರಿಗೆ ಉಂಟಾದ ಸಂಕಟ ಬೇರೆ. “ಮೇಷ್ಟ್ರೇ, ಕಳ್ಳರು ಸಿಕ್ಕಿಬೀಳಬಾರದೆಂದು ನಾನು ದೇವರನ್ನು ಬೇಡಿಕೊಳ್ಳುತ್ತಿದ್ದೆನಲ್ಲ! ಇದೇನು ನ್ಯಾಯ?” ಎಂದು ನಿಜವಾಗಿಯೂ ಕಳವಳಪಟ್ಟರು.

ಈ ಕಳವಳವನ್ನು ತಳ್ಳಿಹಾಕುವಂತಿಲ್ಲ. ಆದರೆ ನನ್ನನ್ನು ಹೆಚ್ಚು ಕಾಡಿದವರು ಕಳ್ಳರಲ್ಲ, ಪೊಲೀಸರು. ನರ್ತನಶಾಲೆಯ ಒಡೆಯನಾದ ಸಾಂತಿಯಿಂದ ಸುದ್ದಿ ಹೊರಡಿಸಲು ಮತೇಯಿಯು ಅವನ ಎಳೆಯ ಮಗನನ್ನು ಒಂದು ನೆಪಮಾಡಿ ಹಿಡಿಸುತ್ತಾನೆ. ಹುಡುಗನು ಹೆದರಿ ಆತ್ಮಹತ್ಯೆಗೆ ಯತ್ನಿಸುತ್ತಾನೆ. ಎಲ್ಲ ಮನುಷ್ಯರೂ ಅಪರಾಧಿಗಳೇ ಎಂಬುದು ಮತೇಯಿಯ ಮೇಲಧಿಕಾರಿಯ ಸಿದ್ಧಾಂತ. ಆ ಮಾತನ್ನು ಆಡುವವನಿಗೆ ಅದು ತನಗೂ ಅನ್ವಯಿಸುವುದೆಂಬ ಸ್ಮರಣೆಯಿದೆಯೊ ಇಲ್ಲವೊ! ಕಳ್ಳರು ಪರಸ್ಪರ ವಚನಭಂಗ ಮಾಡುವುದಿಲ್ಲ. ಧರ್ಮವನ್ನು ಕಾಯತಕ್ಕವರು ವಂಚನೆಯಿಂದಲೇ ಗೆಲ್ಲುತ್ತಾರೆ. ಮಕ್ಕಳಿರುವ ಮನೆಯಲ್ಲಿ ಇದನ್ನು ತೋರಿಸಬೇಕೆ ಎಂದು ಯೋಚಿಸುವವರು ಗುಂಡಿನ ಸದ್ದಿಗಿಂತ ಈ ಅಂಶವನ್ನು ಮುಖ್ಯವಾಗಿ ಯೋಚಿಸುವುದೊಳ್ಳೆಯದು.

ಇನ್ನು ಚಿತ್ರದ ಆರಂಭದ ವಾಕ್ಯದ ವಿಚಾರ. ಸಿದ್ಧಾರ್ಥ ಗೌತಮನು ಕೆಂಪು ಸೀಮೆಸುಣ್ಣದಿಂದ ವೃತ್ತವೊಂದನ್ನು ಬರೆದು, ಕೂಡಬೇಕಾದವರು ಎತ್ತ ಹೋದರೂ ಒಂದು ದಿನ ಅದರೊಳಗೆ ಕೂಡಿಯೇ ತೀರುವರೆಂದು ಹೇಳಿದನಂತೆ. ಎಷ್ಟೋ ಪ್ರೇಕ್ಷಕರು ಇದನ್ನು ಬುದ್ಧವಚನವೆಂದೇ ನಂಬಿ ಮೆಚ್ಚಿರುವರು. ಇದು ಯಾವ ಪಿಟಕದಲ್ಲಿಯೂ ಇಲ್ಲ, ಮೆಲ್ವಿಲ್ಲರೇ ಕಲ್ಪಿಸಿದುದು. ಕರ್ಮವು ಕರ್ತೃವಿನ ಸಂಕಲ್ಪವೆಂದು ಬೋಧಿಸಿದ ಮಹಾತ್ಮನ ಬಾಯಲ್ಲಿ ಕೇವಲ ವಿಧಿವಾದವನ್ನು ಇಟ್ಟುದು ಸರಿಯಲ್ಲ. ಕವಿಗೆ ಕಲ್ಪನೆಯ ಸ್ವಾತಂತ್ರ್ಯವುಂಟು, ನಿಜ. ಆದರೆ ವಾಕ್ಯದ ಕೆಳಗೆ ಹೆಸರು ಹಾಕುವಾಗ ಅದು ಇರಬಾರದೆಂದು ಉಪಾಧ್ಯಾಯನಾದ ನನ್ನ ಹಟ.

ಅಮೆರಿಕದಲ್ಲಿ ಬಹಳ ಕಾಲ ಇದರ ಮೊಟಕುಗೊಳಿಸಿದ ಪ್ರತಿಯು ಮಾತ್ರ ದೊರೆಯುತ್ತಿದ್ದಿತು. 140 ನಿಮಿಷಗಳ ಪೂರ್ಣಪ್ರತಿಯು ಅಲ್ಲಿ ಚಿತ್ರಮಂದಿರಗಳಿಗೆ ಬಂದುದು 2003ರಲ್ಲಿ. ನೋಡುವವರು ಪೂರ್ಣವಾದುದನ್ನೇ ನೋಡಬೇಕು. ಅದೂ ರಾತ್ರಿಯೂಟವಾದ ಮೇಲಲ್ಲ.

ಮತೇಯಿಯ ಪಾತ್ರ ವಹಿಸಿದ ಬೂರ್ವಿಲ್ಲರು ಫ್ರೆಂಚರನ್ನು ದಶಕಗಳ ಕಾಲ ನಗಿಸಿದ ಹಾಸ್ಯನಟರು. ಚಿತ್ರವು ತೆರೆಗೆ ಬರುವುದಕ್ಕೆ ಒಂದು ತಿಂಗಳಿಗೂ ಕಡಿಮೆ ಅವಧಿಯಿರುವಾಗ, 1970ರ ಸೆಪ್ಟೆಂಬರಿನಲ್ಲಿ, ಅವರು ತೀರಿಕೊಂಡಿದ್ದರು. ಮತೇಯಿಯು ಒಬ್ಬಂಟಿಯಾದ ಮನೆಗೆ ಬಂದು, ಬೆಕ್ಕುಗಳನ್ನು ಹೆಸರು ಹಿಡಿದು ಕರೆದು, ಅವಕ್ಕೆ ಊಟವಿಡುವುದನ್ನು ಆ ಪ್ರೇಕ್ಷಕರು ನೋಡಿದುದು ಅವರ ಮರಣಾನಂತರವೇ. ನಮ್ಮ ಮನೆಯಲ್ಲಿ ಸೊಸೆಯು ಮೆಚ್ಚಿದ ದೃಶ್ಯವೂ ಇದೊಂದೇ.